ಕಂಬದ ಎಲೆ, ಕಪಾಟಿನ ಓಲೆ

ನಿಡಸೋಸಿ, ಸಂಕೇಶ್ವರ, ಹುಕ್ಕೇರಿ ಕಡೆಯ ಕಾಲೇಜು ಹುಡುಗರಿಗೆ ಗ್ರಂಥಾಲಯವೆಂದರೆ ಕಬ್ಬಿಣದ ರ‍್ಯಾಕು, ಟ್ಯೂಬ್‌ಲೈಟು, ಒಳಗೆ ಹೋಗುವ ಮುಂಚೆ ಚೀಲ ಇಡುವ ಒಂದು ಕಟ್ಟೆ. ಓದಲಿಕ್ಕೆ ಅಷ್ಟು ಸಾಕು ಎಂದುಕೊಂಡೇ ಬೆಳೆದವನು ನಾನು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ ನಿಂತಾಗ ಅದಕ್ಕೇ ಮೊದಲು ಮೂಡಿದ್ದು ಮೆಚ್ಚುಗೆಯಲ್ಲ, ಗುಮಾನಿ. ಪುಸ್ತಕಕ್ಕೆ ಇಷ್ಟು ಕಂಬ ಯಾಕೆ?

ಗುಮಾನಿಗೆ ಆಧಾರವೂ ಇದೆ. ಕಟ್ಟಡ ಎದ್ದದ್ದು 1887ರ ನೆನಪಿಗೆ, ವಿಕ್ಟೋರಿಯಾ ರಾಣಿ ಪಟ್ಟವೇರಿ 50 ವರ್ಷವಾಯಿತೆಂದು. ಗ್ರಂಥಾಲಯ ಶುರುವಾದದ್ದು 1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಪಾಲಿಗೆ ಬಂತು. ಹಬ್ಬಕ್ಕೆ ಹೊಲಿಸಿದ ಅಂಗಿಯನ್ನು ಆಮೇಲೆ ದುಡಿಮೆಗೆ ತೊಟ್ಟ ಹಾಗೆ. ಆ ಹಬ್ಬದ ಜರಿ ಇನ್ನೂ ಕಾಣುತ್ತದೆ: ಕೊರಿಂಥಿಯನ್ ಕಂಬ, ರೋಮನೆಸ್ಕ್ ಮತ್ತು ಗೋಥಿಕ್ ಛಾಯೆ, ಇವುಗಳ ನಡುವೆಯೇ ರಾಮಾಯಣ, ಮಹಾಭಾರತದ ಕೆತ್ತನೆಗಳು.

ಕಲಬೆರಕೆ ಎಂದು ಮೂಗು ಮುರಿಯಬಹುದು. ನಾನು ಮುರಿಯಲಾರೆ. ಕೊರಿಂಥಿಯನ್ ಕಂಬದ ತಲೆಯೆಂದರೆ ಕಲ್ಲಿನಲ್ಲಿ ಅರಳಿದ ಎಲೆಗೊಂಚಲು. ಗ್ರೀಕರ ಎಲೆ ಹೊರಗೆ, ನಮ್ಮ ಓಲೆಗರಿಯ ಹಸ್ತಪ್ರತಿ ಒಳಗೆ. ಕಟ್ಟಿದವರು ಇದನ್ನು ನೆನೆದಿರಲಿಕ್ಕಿಲ್ಲ; ಆದರೂ ಇಡೀ ಅಲಂಕಾರದಲ್ಲಿ ನನಗೆ ಹಿಡಿಸಿದ್ದು ಈ ಆಕಸ್ಮಿಕವೇ.

ಒಳಗಿನದೂ ಕೆತ್ತನೆಯೇ ತಾನೆ. ಹದ ಮಾಡಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುತ್ತಿದ್ದರು. ಕೊರೆದಾಗ ಅಕ್ಷರ ಸರಿಯಾಗಿ ಕಾಣದು. ಕಾಡಿಗೆ ಸವರಿ ಒರೆಸಿದರೆ ಮಸಿ ಗೀರಿನೊಳಗೆ ಕೂತು ಸಾಲು ಎದ್ದು ಬರುತ್ತದೆ. 1905ರಲ್ಲಿ ಇಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಗುರುತಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಇಂಥದೇ ಒಂದು ಕಟ್ಟು, ಗ್ರಂಥ ಲಿಪಿಯದು. ಬೇರೆಯವರ ಉಲ್ಲೇಖಗಳಲ್ಲಷ್ಟೇ ಉಳಿದಿದ್ದ ಪುಸ್ತಕ 1909ರಲ್ಲಿ ಅಚ್ಚಾಗಿ ಬಂತು. ರಾಜ್ಯ ಆಳುವ ವಿದ್ಯೆಯ ಗ್ರಂಥ ಸಿಕ್ಕಿದ್ದು ಪರದೇಶದ ರಾಣಿಯ ಹೆಸರಿನ ಕಟ್ಟಡದಲ್ಲಿ. ಯಾವ ಶಿಲ್ಪಿಯೂ ಯೋಚಿಸಿ ಕೆತ್ತಲಾರದ ವಿನೋದ.

ತಕರಾರು ಇಲ್ಲವೆಂದಲ್ಲ. ಇಂಥ ಕುಸುರಿ ಕಟ್ಟಡಗಳ ಸಂದುಗೊಂದುಗಳಲ್ಲಿ ಮಳೆನೀರು ನಿಲ್ಲುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ, ದುರಸ್ತಿ ಮುಗಿಯುವುದೇ ಇಲ್ಲ. ಓಲೆಗರಿಗೆ ಆಗಿಬರದ್ದೇ ಥಂಡಿ ಮತ್ತು ಹುಳು. ಅದನ್ನು ಕಾಯುವುದು ಕಮಾನಲ್ಲ, ಗರಿ ಗರಿ ಬಿಡಿಸಿ ಸಿಟ್ರೊನೆಲ್ಲಾ ಎಣ್ಣೆ ಸವರುವ ಕೈ. ಹೊರಗೋಡೆಯ ಫೋಟೊ ಎಷ್ಟು ತೆಗೆದರೂ ಆ ಕೈ ಅದರಲ್ಲಿ ಸಿಗದು.

ನಮ್ಮ ಮುಂಬಯಿ ಕರ್ನಾಟಕದಲ್ಲಿ ಓಲೆಯನ್ನು ಅಚ್ಚಿಗೆ ತರುವ ಕೆಲಸ ಕಂಬಗಳಿಲ್ಲದೆಯೇ ನಡೆಯಿತು. ಫ.ಗು. ಹಳಕಟ್ಟಿಯವರು ಮಠ, ಮನೆಗಳಲ್ಲಿ ಗಂಟು ಕಟ್ಟಿಟ್ಟ ಓಲೆಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಹಾಗಾದರೆ ಕಂಬ ದಂಡವೇ? ಇಲ್ಲಿ ಬಂದು ನನ್ನ ಹಳೆಯ ಗುಮಾನಿ ತಡವರಿಸುತ್ತದೆ. ಶಾಮಶಾಸ್ತ್ರಿಗಳಿಗೆ ಸಂಸ್ಥಾನದ ಸಂಬಳವಿತ್ತು, ತಲೆಯ ಮೇಲೆ ಈ ಅಲಂಕಾರದ ಸೂರಿತ್ತು. ಹಳಕಟ್ಟಿಯವರು ವಚನ ಅಚ್ಚು ಹಾಕಿಸಲಿಕ್ಕೆ ಇದ್ದ ಮನೆಯನ್ನೇ ಮಾರಿದರು.