‘ಓಂ’ ಚಿತ್ರದ ಕೀರ್ತಿ ಮತ್ತು ಅನುಮೋದನೆಯ ಪ್ರಶ್ನೆ

‘ಓಂ’ ಎಂಬ ಅಕ್ಷರದಲ್ಲಿ ಪಂಚಪರಮೇಷ್ಠಿಗಳನ್ನೇ ಸ್ಮರಿಸುವ ನಮ್ಮ ಮನೆಗಳ ಹಿರಿಯರು, 1995ರಲ್ಲಿ ಅದೇ ಹೆಸರಿನ ಚಲನಚಿತ್ರವೊಂದು ಮಚ್ಚು ಲಾಂಗುಗಳೊಡನೆ ಬಂದಾಗ ಮುಖ ಸಿಂಡರಿಸಿದ್ದು ಸಹಜವೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ತರುಣರು ಮಾತ್ರ ಅದನ್ನು ಮತ್ತೆ ಮತ್ತೆ ನೋಡಿದರು. ಐನೂರಕ್ಕೂ ಹೆಚ್ಚು ಬಾರಿ ಮರುಬಿಡುಗಡೆ ಕಂಡ ಚಿತ್ರವೆಂಬ ಪ್ರತೀತಿ ಅದಕ್ಕಿದೆ. ಹೀಗಿರುವಾಗ ನೋಡದೆಯೇ ತಿರಸ್ಕರಿಸುವುದು ವಿಮರ್ಶೆ ಎನಿಸಲಾರದು.

ಉಪೇಂದ್ರ ನಿರ್ದೇಶಿಸಿ ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಿಸಿದ ಈ ಚಿತ್ರದಲ್ಲಿ ಅರ್ಚಕರ ಮಗ ಸತ್ಯ, ಪ್ರೇಮದ ಸುಳಿಗೆ ಸಿಕ್ಕಿ ಪಾತಕಲೋಕವನ್ನು ಸೇರುತ್ತಾನೆ. ಆ ಪಾತ್ರಕ್ಕೆ ಶಿವರಾಜ್‌ಕುಮಾರ್ ರಾಜ್ಯಪ್ರಶಸ್ತಿ ಪಡೆದರು. ನಿಜಜೀವನದ ಕೆಲವು ರೌಡಿಗಳೇ ತೆರೆಯ ಮೇಲೆ ಬಂದರು. ಚಿತ್ರವನ್ನು ಹೊಗಳುವವರು ಇಂದಿಗೂ ಮೊದಲು ಎತ್ತಿ ಹೇಳುವುದು ಈ ನೈಜತೆಯನ್ನೇ. ನನಗಾದರೋ ಅದೇ ಚಿತ್ರದ ದುರ್ಬಲ ಭಾಗವೆನಿಸುತ್ತದೆ. ರೌಡಿಯನ್ನು ಕರೆತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದರೆ ದೊರೆಯುವುದು ಅವನ ಮುಖ. ಅವನ ಮನೆಯ ನೋವಲ್ಲ.

ಪಾತಕಿಯನ್ನು ನಾಯಕನಾಗಿಸಬಹುದೇ ಎಂಬ ಇದೇ ವಾದ 1972ರಲ್ಲಿ ಅಮೆರಿಕದಲ್ಲಿಯೂ ಎದ್ದಿತ್ತು. ಹಾರ್ಲೆಮ್‌ನಲ್ಲಿ ಕೊಕೇನ್ ಮಾರುವವನ ಕಥೆಯಾದ ‘ಸೂಪರ್ ಫ್ಲೈ’ ಚಿತ್ರವನ್ನು ಕಪ್ಪುಜನರ ಸಂಘಟನೆಗಳೇ ವಿರೋಧಿಸಿದವು. ತಮ್ಮವರನ್ನು ಬಂಡವಾಳ ಮಾಡಿಕೊಂಡ ಚಿತ್ರಗಳೆಂಬ ಅರ್ಥದಲ್ಲಿ ‘ಬ್ಲ್ಯಾಕ್ಸ್‌ಪ್ಲಾಯಿಟೇಷನ್’ ಎಂಬ ಹೆಸರು ಹುಟ್ಟಿದ್ದೂ ಆಗಲೇ. ಆದರೆ ಆ ಚಿತ್ರದ ಹಾಡುಗಳಲ್ಲಿ ಕರ್ಟಿಸ್ ಮೇಫೀಲ್ಡ್ ಮಾದಕದ್ರವ್ಯದ ವ್ಯಾಪಾರವನ್ನೇ ಖಂಡಿಸಿದ್ದರು. ದೃಶ್ಯ ಮೆರೆಸಿದ್ದನ್ನು ಹಾಡು ಪ್ರಶ್ನಿಸಿತ್ತು. 2022ರಲ್ಲಿ ಅದು ಅಲ್ಲಿನ ರಾಷ್ಟ್ರೀಯ ಸಂರಕ್ಷಿತ ಚಿತ್ರಗಳ ಪಟ್ಟಿಗೆ ಸೇರಿತು.

‘ಓಂ’ನಲ್ಲಿಯೂ ದೃಶ್ಯದ ಎದುರು ವಾದಕ್ಕೆ ನಿಲ್ಲುವುದು ಹಾಡೇ. ಹಂಸಲೇಖರ ಸಂಗೀತದಲ್ಲಿ ರಾಜ್‌ಕುಮಾರ್ ಹಾಡಿದ ಸೂರ್ಯಪ್ರಾರ್ಥನೆಯನ್ನು ಕೇಳಿದರೆ, ಸತ್ಯ ಕಳೆದುಕೊಂಡ ಮನೆ ಎಂಥದೆಂದು ತಿಳಿಯುತ್ತದೆ. ಚಿತ್ರದ ಬೆಲೆ ಇರುವುದು ಈ ನಷ್ಟದಲ್ಲಿ. ಮುಂದೆ ಬಂದ ಎಷ್ಟೋ ಚಿತ್ರಗಳು ಇದರಿಂದ ಲಾಂಗನ್ನು ಪಡೆದವು, ಅರ್ಚಕರ ಮನೆಯನ್ನು ಕೈಬಿಟ್ಟವು. ಆ ದೋಷವನ್ನು ಉಪೇಂದ್ರರ ತಲೆಗೆ ಕಟ್ಟುವುದು ಪೂರ್ತಿ ನ್ಯಾಯವಲ್ಲ. ಪೂರ್ತಿ ಅನ್ಯಾಯವೂ ಅಲ್ಲವೇನೋ.

ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ವಿಂಗಡಿಸಿದ ಶಾಸ್ತ್ರಕಾರರು ಚಿತ್ರಮಂದಿರವನ್ನು ಕಂಡವರಲ್ಲ. ಆದರೂ ಮೂರನೆಯ ಮಾತು ಅಲ್ಲಿ ಕುಳಿತ ನಮ್ಮನ್ನೇ ಕುರಿತದ್ದು. ಮರುಬಿಡುಗಡೆಯೊಂದರಲ್ಲಿ, ಆ ಪ್ರಾರ್ಥನೆಗೆ ಕೈಮುಗಿದಿದ್ದ ಪಕ್ಕದ ಹುಡುಗನೇ ಲಾಂಗು ಬೀಸಿದಾಗ ಎದ್ದುನಿಂತು ಶಿಳ್ಳೆ ಹಾಕಿದ. ಅವನನ್ನು ನೋಡಿ, ಒಪ್ಪಿಕೊಳ್ಳಬೇಕು, ನಾನು ನಕ್ಕುಬಿಟ್ಟೆ.