ಇದ್ದುದು ಇದ್ದಂತಿರಲಿ

ಕರಡಚ್ಚು ತಿದ್ದುವ ವಿದ್ಯೆಯ ರುಚಿ ಹತ್ತಿದವರಿಗೆ ಅಚ್ಚಾದ ಪಂಕ್ತಿಗಳಷ್ಟೇ ಅವುಗಳ ಬದಿಯ ಬಿಳಿಯ ಅಂಚೂ ರಮ್ಯವಾಗಿ ತೋರುತ್ತದೆ. ಬಿಟ್ಟುಹೋದುದನ್ನು ಸೇರಿಸಲು ಹಂಸಪಾದ, ಬೇಡವಾದುದನ್ನು ತೆಗೆಯಲು ಬಾಲ ಸುತ್ತಿದ ಸುಳಿ, ಅಗಲಿದ ಅಕ್ಷರಗಳನ್ನು ಕೂಡಿಸಲು ಮೇಲೂ ಕೆಳಗೂ ಒಂದೊಂದು ಕಮಾನು, ಸ್ಥಾನಪಲ್ಲಟಕ್ಕೆ ಬಳುಕುಗೆರೆ. ಇವುಗಳಲ್ಲಿ ಹಂಸಪಾದವಂತೂ ಮುದ್ರಣಯಂತ್ರಕ್ಕಿಂತ ಪ್ರಾಚೀನವಾದುದು, ತಾಳೆಗರಿಯ ಲಿಪಿಕಾರರ ಕಂಟಕ್ಕೂ ಪರಿಚಿತವಾಗಿದ್ದುದು.

1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವು ಸ್ಥಾಪಿತವಾದಂದಿನಿಂದ ಈ ಕರಾವಳಿಯಲ್ಲಿ ಬೇರೂರಿದ ಅಚ್ಚಿನ ಕಲೆಗೆ ನಮ್ಮ ಲಿಪಿಯು ಒಡ್ಡಿದ ಪರೀಕ್ಷೆ ಸಾಮಾನ್ಯವಾದುದಲ್ಲ. ರೋಮನ್ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುವವು. ಕನ್ನಡದ ಅಕ್ಷರಕ್ಕಾದರೋ ನೆತ್ತಿಯಲ್ಲಿ ತಲೆಕಟ್ಟು, ಪಕ್ಕದಲ್ಲಿ ಕೊಂಬು ಅಥವಾ ದೀರ್ಘ, ಕೆಳಗೆ ಒತ್ತು. ಹೊಟ್ಟೆಯ ಸೀಳು ತಪ್ಪಿದರೆ ‘ಧನ’ವು ‘ದನ’ವಾಗುತ್ತದೆ. ಆದಕಾರಣ ಒತ್ತೊಂದು ತಪ್ಪಿದ್ದರೂ ಅಕ್ಷರವನ್ನು ಇಡಿಯಾಗಿ ಅಂಚಿನಲ್ಲಿ ಬರೆದು, ಮುಂದೆ ಓರೆಗೆರೆ ಎಳೆಯುವುದೇ ಒಳ್ಳೆಯ ಪದ್ಧತಿ. ಸಾಲಿನ ನಡುವೆ ತುರುಕಿದ ತಿದ್ದುಪಡಿಯು ಅಕ್ಷರ ಜೋಡಿಸುವವನ ಕಣ್ಣಿಗೆ ಬೀಳದೆ ಮುದ್ರಾರಾಕ್ಷಸನ ಪಾಲಾಗುವುದು.

ಈ ಚಿಹ್ನೆಗಳೆಲ್ಲಕ್ಕೂ ಮಿಗಿಲೆಂದು ನಾನು ಎಣಿಸುವುದು, ಹೊಡೆದುಹಾಕಿದ ಪದದ ಕೆಳಗೆ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುವ ಸಂಜ್ಞೆ. ಪಶ್ಚಿಮದ ಸಂಪಾದಕರು ಲ್ಯಾಟಿನ್ನಿನಲ್ಲಿ ‘ಸ್ಟೆಟ್’ ಎಂದು ಬರೆಯುವುದೂ ಇದನ್ನೇ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಆಡುಮಾತಿನ ಬರಹಗಳಿಗೆ ಇದರಷ್ಟು ಅವಶ್ಯವಾದ ಚಿಹ್ನೆ ಇನ್ನೊಂದಿಲ್ಲ. ಕಥೆಯೊಂದರಲ್ಲಿ ಬಸ್ರೂರಿನ ಮುದುಕಿಯು ‘ಮನಿಗ್ ಹೋಯ್ಕ್’ ಎಂದರೆ, ಶಿಷ್ಟಭಾಷೆಯ ಅಭಿಮಾನಿಯಾದ ತಿದ್ದುಗಾರನು ಅದನ್ನು ‘ಮನೆಗೆ ಹೋಗಬೇಕು’ ಎಂದು ಮಾಡಿಬಿಡುತ್ತಾನೆ. ವ್ಯಾಕರಣವು ಉಳಿಯುತ್ತದೆ, ಮುದುಕಿಯು ಉಳಿಯುವುದಿಲ್ಲ. ‘ಬಪ್ಪುಕೆ’ಯನ್ನು ‘ಬರಲಿಕ್ಕೆ’ ಎಂದು ತಿದ್ದುವವನು, ‘ಬಪ್ಪ’ ಎಂಬ ರೂಪವು ವಚನಕಾರರ ಕಾಲದ ಕನ್ನಡದಲ್ಲಿಯೂ ಸಲ್ಲುತ್ತಿತ್ತೆಂಬುದನ್ನು ನೆನೆಯುವುದಿಲ್ಲ.

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಲೇಖಕನೂ ಮುದ್ರಕನೂ ಒಬ್ಬನೇ ಆಗುವ ಆ ಭಾಗ್ಯವು ಎಲ್ಲರಿಗೂ ಒದಗದು. ಉಳಿದವರ ಮಾತಿಗೆ ಕರಡು ತಿದ್ದುವವನೇ ಕಾವಲು.

ಆದುದರಿಂದ, ದೇವಸ್ಥಾನದ ಸ್ಮರಣಸಂಚಿಕೆಯಾಗಲಿ, ಯಕ್ಷಗಾನದ ಪ್ರಸಂಗವಾಗಲಿ, ಊರ ವಾರಪತ್ರಿಕೆಯಾಗಲಿ, ಕರಡನ್ನು ಕೈಗೆತ್ತಿಕೊಳ್ಳುವ ತರುಣ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಅಪರಿಚಿತವೆಂಬ ಒಂದೇ ಕಾರಣಕ್ಕೆ ಯಾವ ಪದವನ್ನೂ ಹೊಡೆಯಬೇಡಿ, ಅಂಚಿನಲ್ಲಿ ಪ್ರಶ್ನಾರ್ಥಕವನ್ನಿಟ್ಟು ಬರೆದವರನ್ನು ಕೇಳಿ, ಅವರು ಇರಲಿ ಎಂದರೆ ಇರಗೊಡಿ.