ಕೋಡಿಯ ಕಡಲು

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಈಚೆಗೆ ಇಂದಿರಾನಗರದ ಮನೆಯಲ್ಲಿ ಕುಳಿತು ಮತ್ತೊಮ್ಮೆ ಓದಿದೆ. ಮೂರು ತಲೆಮಾರಿನ ಈ ಕಥೆಯಲ್ಲಿ ನಾವೆಲ್ಲ ಬಹುವಾಗಿ ಕೊಂಡಾಡುವುದು ಮಣ್ಣನ್ನು, ಹೆಸರೇ ಹಾಗಿದೆಯಲ್ಲ! ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕೋಡಿಯ ಕಡಲು.

ಕಾರಂತರಲ್ಲಿ ಕಡಲು ಬರಿಯ ಹಿನ್ನೆಲೆಯಲ್ಲ. ಮೊಮ್ಮಗ ರಾಮನಿಗೆ ಅದರ ಮೊರೆತವೇ ಸಂಗೀತ. ಪಾರೋತಿ, ಸರಸೋತಿಯರು ಅದರ ಮಗ್ಗುಲಲ್ಲೇ ಬಾಳು ಸವೆಸುತ್ತಾರೆ. ಅದನ್ನು ಕಟ್ಟಿಹಾಕುವ ಯೋಚನೆ ಅವರಿಗೆ ಹೊಳೆಯುವುದಿಲ್ಲ.

ಹೊಳೆದದ್ದು ನಮಗೆ. ಅಲೆಗೆ ಅಡ್ಡವಾಗಿ ಬಂಡೆಗಲ್ಲು ಸುರಿದೆವು. ಉಳ್ಳಾಲದ ಕಡೆ ನೋಡಿದವರು ಬಲ್ಲರು: ಕಲ್ಲಿಗೆ ಬಡಿದ ಅಲೆ ಅದರ ಬುಡದ ಮರಳನ್ನೇ ಕೊರೆದೊಯ್ಯುತ್ತದೆ, ಪಕ್ಕದ ದಂಡೆಯನ್ನೂ ಸವೆಸುತ್ತದೆ. “ಅಜ್ಜ, ಆಡೋದಕ್ಕೆ ಮರಳು ಎಲ್ಲಿ?” ಎಂದು ಮೊಮ್ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಳಿವೆಗಳಲ್ಲಾದರೋ ದಂಡೆ ಕಾಯುವ ಕೆಲಸವನ್ನು ಕಾಂಡ್ಲಾ ಗಿಡ ಸದ್ದಿಲ್ಲದೆ ಮಾಡುತ್ತದೆ. ಅದರ ಬೇರುಗಳ ನಡುವೆ ಕೆಸರು ನಿಲ್ಲುತ್ತದೆ, ಅಲೆಯ ರಭಸ ತಗ್ಗುತ್ತದೆ, ಮೀನಿನ ಮರಿ ಬೆಳೆಯುತ್ತದೆ. ಅಂಥ ಕಾಂಡ್ಲಾ ಬೆಳೆದಿರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷ.

ಕಾದಂಬರಿಯ ಮೇಲೆ ನನ್ನದೊಂದು ಆಕ್ಷೇಪವೂ ಇದೆ. ಎಲ್ಲವೂ ಐತಾಳರ ಜಗಲಿಯಿಂದಲೇ ಕಾಣುವುದರಿಂದ ಬಲೆ ಬೀಸುವವರ ಒಳಬಾಳು ನಮಗೆ ದೂರವೇ ಉಳಿಯುತ್ತದೆ. ದಂಡೆ ಉಳಿಸುವ ಮಾತು ಬಂದಾಗ ಮೊದಲು ಕೇಳಬೇಕಾದವರು ಅವರೇ ಅಲ್ಲವೆ? ನಮ್ಮ ಇಂದಿರಾನಗರಕ್ಕಂತೂ ಕಡಲು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂಗುಡೆಯಾಗಿ ಬರುತ್ತದೆ, ಅಷ್ಟೆ. ಪಟ್ಟಣಗಳನ್ನು ಸುತ್ತಿ ಬಂದ ರಾಮನಿಗೆ ಕೋಡಿಯಲ್ಲಿ ಮರಳಿ ನಿಲ್ಲಲು ದಂಡೆಯಾದರೂ ಉಳಿದಿತ್ತು.